ಗಡೀಪಾರಿಗೆ ಮುಂಚಿನ ಪ್ರಶ್ನೆ



ಆಶ್ರಯ ಬೇಡಿ ಬಂದವನಿಗೆ ‘ಇಲ್ಲ’ ಎಂದಾಯಿತು. ಇನ್ನು ಅವನನ್ನು ವಿಮಾನ ಹತ್ತಿಸಬೇಕು. ಹಿಂದಿರುಗಿದರೆ ಇವನ ಪ್ರಾಣಕ್ಕೆ ಅಪಾಯವುಂಟೇ ಎಂದು ಅದಕ್ಕೆ ಮುನ್ನ ಮತ್ತೊಮ್ಮೆ ಕೇಳಬೇಕೇ? ಕೆನಡಾ ದೇಶದ ಕಾನೂನು ‘ಕೇಳಬೇಕು’ ಎನ್ನುತ್ತದೆ. ಆದರೆ ಯಾರ ವಿಷಯದಲ್ಲಿ, ಎಂದಿನಿಂದ ಕೇಳಬೇಕೆಂಬಲ್ಲಿ ಅದು ತೋರುವ ಜಿಪುಣತನವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಈ ಕಥೆಗೂ ನಮ್ಮ ದೇಶಕ್ಕೂ ನಂಟಿದೆ. 1985ರ ಏಪ್ರಿಲ್ 4ರಂದು ಕೆನಡಾದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಸಿಂಗ್ ಮೊಕದ್ದಮೆಯ ಅರ್ಜಿದಾರರಲ್ಲಿ ಹೆಚ್ಚಿನವರು ಭಾರತದಿಂದ ಹೋದ ಸಿಖ್ಖರು. ತಮ್ಮನ್ನು ಎದುರಿಗೆ ಕೂರಿಸಿ ಕೇಳದೆ, ಬರಿಯ ಕಾಗದ ನೋಡಿ ತಿರಸ್ಕರಿಸಿದರೆಂಬುದು ಅವರ ದೂರು. ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹಕ್ಕುಗಳ ಸನ್ನದಿನಲ್ಲಿರುವ ‘ಪ್ರತಿಯೊಬ್ಬರೂ’ ಎಂಬ ಪದದಲ್ಲಿ ಕೆನಡಾದ ನೆಲದ ಮೇಲಿರುವ ಪ್ರತಿ ಮನುಷ್ಯನೂ ಸೇರುತ್ತಾನೆಂದು ನ್ಯಾಯಮೂರ್ತಿ ಬರ್ಥಾ ವಿಲ್ಸನ್ ಬರೆದರು.

2002ರಲ್ಲಿ ಜಾರಿಗೆ ಬಂದ ವಲಸೆ ಕಾಯಿದೆಯಲ್ಲಿ ಗಡೀಪಾರಿಗೆ ಮುಂಚಿನ ಅಪಾಯ ಪರಿಶೀಲನೆಗೆ ಸ್ಥಾನ ದೊರೆಯಿತು. ಇದು ಗೆದ್ದರೆ ಸಾಮಾನ್ಯವಾಗಿ ನಿರಾಶ್ರಿತನಿಗೆ ಸಲ್ಲುವ ರಕ್ಷಣೆಯೇ ಸಿಗುತ್ತದೆ. ಆದರೆ 2012ರ ಬದಲಾವಣೆಗಳ ತರುವಾಯ, ಆಶ್ರಯದ ಕೋರಿಕೆಯ ಮೇಲೆ ಕೊನೆಯ ತಿರಸ್ಕಾರ ಬಂದು 12 ತಿಂಗಳು ಕಳೆಯುವವರೆಗೆ ಈ ಪರಿಶೀಲನೆಗೆ ಅರ್ಹತೆಯೇ ಇಲ್ಲ. ಗಡೀಪಾರಿಗೆ ಮಾತ್ರ ಆ ತಡೆಯಿಲ್ಲ. ವರ್ಷ ತುಂಬುವ ಮೊದಲೇ ವಿಮಾನ ಹತ್ತಿಸಬಹುದು.

ಸರ್ಕಾರದ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಈಗ ತಾನೆ ವಿಚಾರಣೆ ಮುಗಿದಿದೆ, ಅದನ್ನೇ ಮತ್ತೆ ಏಕೆ ಎಂದರೆ ನ್ಯಾಯವೇ. ಆದರೆ ಅಪಾಯವೇನು ಪಂಚಾಂಗ ನೋಡಿ ಬರುತ್ತದೆಯೇ? ಇಡೀ ದೇಶದ ಸ್ಥಿತಿ ಕೆಟ್ಟಿದ್ದರೆ ಆ ದೇಶದವರಿಗೆ ಮಂತ್ರಿಗಳು ವಿನಾಯಿತಿ ಕೊಡಬಹುದು. ಐದನೆಯ ತಿಂಗಳಲ್ಲಿ ಊರಿನಲ್ಲಿ ತಮ್ಮನನ್ನು ಪೊಲೀಸರು ಹಿಡಿದೊಯ್ದರೆಂಬ ಕಾಗದ ಬಂದವನು ಏನು ಮಾಡಬೇಕು? ದಿನವನ್ನು ಮುಂದೂಡಿರೆಂದು ಅಧಿಕಾರಿಯನ್ನು ಬೇಡಬಹುದು. ಆ ಅಧಿಕಾರಿಯ ವಿವೇಚನೆಯೂ ಕಿರಿದು.

‘ಸುರಕ್ಷಿತ’ವೆಂದು ಪಟ್ಟಿಯಾಗಿದ್ದ ಹಂಗೇರಿ ಮೊದಲಾದ ದೇಶಗಳವರಿಗೆ ಈ ತಡೆ 36 ತಿಂಗಳಾಗಿತ್ತು. ಅದು ಸಮಾನತೆಗೆ ವಿರುದ್ಧವೆಂದು 2019ರಲ್ಲಿ ಫೆಡರಲ್ ನ್ಯಾಯಾಲಯ ರದ್ದುಪಡಿಸಿತು. ಪಟ್ಟಿಯೂ ಅದೇ ವರ್ಷ ಬರಿದಾಯಿತು. 12 ತಿಂಗಳ ತಡೆ ಉಳಿಯಿತು.

ಕಾದು ಅರ್ಹನಾದವನಿಗೂ ಅವಸರವೇ. ಗಡೀಪಾರಿಗೆ ತಡೆ ಬೇಕಾದರೆ, ತಿಳುವಳಿಕೆ ಪತ್ರ ಕೈಸೇರಿದ 15 ದಿನಗಳಲ್ಲಿ ಅರ್ಜಿ ಹಾಕಬೇಕು. ಪುರಾವೆ ಹೊಸದಿರಬೇಕು, ಹಳೆಯದಾದರೆ ಅಂದು ಒದಗಿಸಲಾಗದ್ದಕ್ಕೆ ತಕ್ಕ ಕಾರಣವಿರಬೇಕು. ಅರ್ಜಿದಾರನ ಮಾತಿನ ಸತ್ಯಾಸತ್ಯತೆಯೇ ಮುಖ್ಯವಾದಂಥ ಕೆಲವು ಪ್ರಸಂಗಗಳಲ್ಲಿ ಅವನನ್ನು ಎದುರಿಗೆ ಕರೆಯುವುದುಂಟು. ಉಳಿದಂತೆ ಅಧಿಕಾರಿ ಅವನ ಮುಖವನ್ನು ಕಾಣದೆಯೇ ಕಾಗದ ನೋಡಿ ತೀರ್ಮಾನಿಸುತ್ತಾನೆ. 1985ರಲ್ಲಿ ಆ ಸಿಖ್ಖರು ದೂರಿದ್ದೂ ಇದನ್ನೇ.