ವಂಶವೃಕ್ಷದ ಪಾಸ್‌ವರ್ಡ್ ಯಾರ ಕೈಲಿದೆ?



ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವರು ಗೊತ್ತಿಲ್ಲದವರು ಕಡಿಮೆ. ಮನೆ ಮುಂದೆ ಬಂದು ನಿಮ್ಮ ಮುತ್ತಜ್ಜ ಯಾರು, ಮನೆತನ ಯಾವ ಊರಿಂದ ಬಂತು ಅಂತ ಹೇಳ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ತಾರೆ. ಕಾಳು, ಬಟ್ಟೆ, ದುಡ್ಡು ಪಡೆದು ಮುಂದಿನ ಮನೆಗೆ ಹೋಗ್ತಾರೆ. ಲೆಕ್ಕ ಅವರ ಹತ್ತಿರ ಇರುತ್ತೆ ನಿಜ. ಆದರೆ ಅದು ಯಾರ ಮನೆಯದೋ ಆ ಮನೆಯವರ ಎದುರೇ ಹೇಳ್ತಾರೆ.

ಈಗ ಆ ಕೆಲಸ ಆನ್ಸೆಸ್ಟ್ರಿ, ಮೈಹೆರಿಟೇಜ್, ಫ್ಯಾಮಿಲಿಸರ್ಚ್‌ಗೆ ಬಂದಿದೆ. ಅಮೆರಿಕದಲ್ಲಿರೋ ಹುಡುಗ ಖಾತೆ ತೆರೀತಾನೆ, ಹುಬ್ಬಳ್ಳಿಯ ದೊಡ್ಡಪ್ಪ ಹೆಸರುಗಳನ್ನು ಹೇಳ್ತಾರೆ, ಮೈಸೂರಿನ ಅತ್ತೆ ಹಳೇ ಫೋಟೊ ಕಳಿಸ್ತಾರೆ. ಒಳ್ಳೆಯ ಕೆಲಸವೇ. ಆದರೆ ಆಮೇಲೆ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬರುತ್ತೆ: ಲಾಗಿನ್ ಇದು, ಪಾಸ್‌ವರ್ಡ್ ಇದು, ಎಲ್ಲರೂ ನೋಡಿ.

ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇದು ಇಡೀ ಮನೆತನದ ಬೀಗದ ಕೈಯನ್ನು ಬೀದಿ ಬಾಗಿಲಿಗೆ ನೇತುಹಾಕಿದ ಹಾಗೆ.

2023ರಲ್ಲಿ ಅಮೆರಿಕದ 23ಆಂಡ್‌ಮಿ ಅನ್ನೋ ಡಿಎನ್‌ಎ ಕಂಪನಿಯಲ್ಲಿ ಏನಾಯ್ತು ನೋಡಿ. ಬೇರೆ ಕಡೆ ಸೋರಿದ್ದ ಪಾಸ್‌ವರ್ಡ್‌ಗಳನ್ನೇ ಇಲ್ಲಿ ಹಾಕಿ ನೋಡಿದರು ಕಳ್ಳರು. ಸುಮಾರು 14,000 ಖಾತೆ ತೆರೆದುಕೊಂಡವು. ಆದರೆ ಮಾಹಿತಿ ಹೋಗಿದ್ದು ಸುಮಾರು 69 ಲಕ್ಷ ಜನರದ್ದು! ಹೇಗೆ? ಅಲ್ಲಿ ಒಬ್ಬರ ಖಾತೆಯಿಂದ ಅವರ ನೆಂಟರೂ ಕಾಣ್ತಾರೆ. ಬಾಗಿಲು ಒಬ್ಬರದ್ದು, ಕಳುವಾಗಿದ್ದು ಬಳಗದವರೆಲ್ಲರದ್ದು. 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿಯನ್ನೂ ಹಾಕಿತು.

ನಮ್ಮ ಹತ್ತಿರ ಕದಿಯೋಕೆ ಏನಿದೆ ಅಂತೀರಾ? ಫೋನ್ ಮಾಡಿದಾಗ ಬ್ಯಾಂಕಿನವರು ನಿಮ್ಮ ಗುರುತು ಹಿಡಿಯೋಕೆ ಏನು ಕೇಳ್ತಾರೆ? ಹುಟ್ಟಿದ ದಿನಾಂಕ, ತಾಯಿಯ ಹೆಸರು. ವಂಶವೃಕ್ಷದಲ್ಲಿ ಇರೋದೂ ಅದೇ ಅಲ್ವಾ?

ಇನ್ನೊಂದು ಮಾತು, ಇದು ಹೆಣ್ಣುಮಕ್ಕಳ ವಿಷಯ. ಎಷ್ಟೋ ಮನೆತನಗಳ ಮರದಲ್ಲಿ ಇವತ್ತಿಗೂ ಗಂಡುಮಕ್ಕಳ ಕೊಂಬೆ ಮಾತ್ರ ಬೆಳೆಯುತ್ತೆ. ಮದುವೆಯಾಗಿ ಹೋದ ಮಗಳು ಕಾಣೆ. 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿದೆ. 2005ರಲ್ಲಿ ತಂದೆ ಬದುಕಿರದಿದ್ದರೂ ಆ ಹಕ್ಕಿದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆನ್‌ಲೈನ್ ಮರ ನಾಡಕಚೇರಿಯ ವಂಶವೃಕ್ಷಕ್ಕೆ ಸಮ ಅಲ್ಲ, ನಿಜ. ಆದರೆ ಮನೆಯವರು ಯಾರನ್ನು ಮನೆಯವರು ಅಂತ ಎಣಿಸ್ತಾರೆ ಅನ್ನೋದಕ್ಕೆ ಅದೇ ಕನ್ನಡಿ. ಒಂದೇ ಪಾಸ್‌ವರ್ಡ್ ಅರವತ್ತು ಜನರ ಕೈಲಿದ್ದರೆ, ನಾಳೆ ಅಕ್ಕನ ಹೆಸರು ಅಳಿಸಿದ್ದು ಯಾರು? ದಾಖಲೆಯಲ್ಲಿ ಎಲ್ಲರೂ ಒಬ್ಬರೇ. ಯಾರನ್ನೂ ಕೇಳೋಕಾಗಲ್ಲ.

ಹಾಗಂತ ಮರವನ್ನೇ ಕಡಿಯಬೇಕಾ? ಬೇಡ. ಆನ್ಸೆಸ್ಟ್ರಿಯಂಥ ತಾಣದಲ್ಲಿ ನೆಂಟರನ್ನು ಅವರವರ ಖಾತೆಗೇ ಆಹ್ವಾನಿಸಬಹುದು. ಯಾರು ಬರೀ ನೋಡಬೇಕು, ಯಾರು ಫೋಟೊ ಸೇರಿಸಬಹುದು, ಯಾರು ತಿದ್ದಬಹುದು ಅಂತ ಬೇರೆ ಬೇರೆ ಅಧಿಕಾರ ಕೊಡಬಹುದು. ತಿದ್ದುವ ಅಧಿಕಾರ ಇಬ್ಬರು ಮೂವರಿಗೆ ಸಾಕು. ಅವರಲ್ಲಿ ಒಬ್ಬರು ಮನೆಯ ಹೆಣ್ಣುಮಗಳಾಗಿರಲಿ. ಇನ್ನೊಬ್ಬರು ಚಿಕ್ಕ ವಯಸ್ಸಿನವರಾಗಿರಲಿ, ಖಾತೆ ತೆರೆದವರು ಹೋದ ಮೇಲೂ ಮರ ಉಳಿಯಬೇಕಲ್ಲ. ಬದುಕಿರುವವರ ಜನ್ಮದಿನಾಂಕ ಹಾಕುವ ಮುಂಚೆ ಅವರನ್ನೇ ಒಂದು ಮಾತು ಕೇಳಿ. ಬೇಡ ಅಂದರೆ ಬೇಡ. ವರ್ಷಕ್ಕೊಮ್ಮೆ ಇಡೀ ಮರದ ಪ್ರತಿ ಇಳಿಸಿ ಮನೆಯಲ್ಲೂ ಇಟ್ಟುಕೊಳ್ಳಿ.

ಮತ್ತೆ, ಗ್ರೂಪಿನಲ್ಲಿರೋ ಆ ಮೆಸೇಜ್ ಅಳಿಸಿದರೆ ಸಾಲದು, ಈಗಾಗಲೇ ಓದಿದವರು ಓದಿ ಆಗಿದೆ. ಮೊದಲು ಪಾಸ್‌ವರ್ಡ್ ಬದಲಿಸಿ. ಆಮೇಲೆ ಮರ ತೆಗೆದು, ನಿಮ್ಮ ಅಕ್ಕ, ಅತ್ತೆ, ಸೋದರತ್ತೆಯರ ಹೆಸರು ಅದರಲ್ಲಿ ಇದೆಯಾ ಅಂತ ಒಮ್ಮೆ ನೋಡಿ.