ಹಳ್ಳಿಯ ಚಿತ್ರ: ಮೊದಲ ಪಾಠ

ಚಿತ್ರಕಲೆಯನ್ನು ಹೊಸದಾಗಿ ಕಲಿಯಬಯಸುವವರಿಗೆ ಹಳ್ಳಿಯ ದೃಶ್ಯವೊಂದನ್ನು ಬರೆಯಿರೆಂದು ಹೇಳಿದರೆ, ಕಾಗದದ ಮೇಲೆ ಏನು ಮೂಡುವುದೆಂಬುದನ್ನು ನಾವು ಮೊದಲೇ ಊಹಿಸಬಹುದು. ತ್ರಿಕೋನಾಕಾರದ ಎರಡು ಗುಡ್ಡಗಳು, ಅವುಗಳ ನಡುವೆ ಕಿರಣಗಳನ್ನು ಚಾಚಿದ ಸೂರ್ಯ, ಬಳುಕಿ ಇಳಿಯುವ ಹೊಳೆ, ದಡದಲ್ಲೊಂದು ತೆಂಗಿನ ಮರ, ಅದರ ಬಳಿ ಕೆಂಪು ಹಂಚಿನ ಮನೆ. ಬೆಂಗಳೂರಿನ ಬಾಲಕನು ಬರೆಯುವುದೂ ಇದನ್ನೇ. ಗದಗಿನ ಗುಮಾಸ್ತನು ಬರೆಯುವುದೂ ಇದನ್ನೇ. ಈ ಹಳ್ಳಿ ಎಲ್ಲಿದೆಯೆಂದು ಯಾರೂ ಕೇಳುವುದಿಲ್ಲ.

ಗದಗ ಸೀಮೆಯ ಅಂತೂರ ಬೆಂತೂರದ ಕಡೆಗೆ ಒಮ್ಮೆ ದೃಷ್ಟಿಯನ್ನು ತಿರುಗಿಸೋಣ. ಅದು ಎರೆಯ ನಾಡು. ಜೋಳ, ಕಡಲೆ, ಹತ್ತಿ, ಕುಸುಬೆಗಳ ಬಯಲು ದಿಗಂತದವರೆಗೆ ಹಬ್ಬಿರುತ್ತದೆ. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಹಳೆಯ ಮನೆಗಳಿಗೆ ಇಳಿಜಾರಿನ ಹಂಚಿಲ್ಲ. ಬಿಸಿಲನ್ನು ತಡೆಯುವ ದಪ್ಪನಾದ ಮಣ್ಣಿನ ಮಾಳಿಗೆಯಿದೆ. ತೆಂಗಿಗೆ ಬದಲಾಗಿ ಬೇವು ಮತ್ತು ಜಾಲಿ. ಜಿಲ್ಲೆಯ ಹೆಸರಾಂತ ಕಪ್ಪತಗುಡ್ಡವಾದರೂ ತ್ರಿಕೋನಗಳ ಜೋಡಿಯಲ್ಲ. ಅಡ್ಡಲಾಗಿ ಮಲಗಿದ ಉದ್ದನೆಯ ಸಾಲು.

ಅಲ್ಲಿಯ ಒಂದು ಬೇವಿನ ನೆರಳಿನಲ್ಲಿ ಹತ್ತು ಮಂದಿ ಹೊಸಬರ ತರಗತಿ ಕೂಡಿತೆಂದು ಭಾವಿಸೋಣ. ಮೊದಲು ಕುಂಚವನ್ನು ಕೆಳಗಿಟ್ಟು ಕಾಲು ಗಂಟೆ ಸುಮ್ಮನೆ ನೋಡಬೇಕು. ಅನಂತರ ದಿಗಂತರೇಖೆಯನ್ನೆಳೆಯಬೇಕು, ಅದನ್ನು ಕೆಳಗಿಟ್ಟರೆ ಆಕಾಶಕ್ಕೆ ಪ್ರಾಧಾನ್ಯ, ಮೇಲಿಟ್ಟರೆ ಹೊಲಕ್ಕೆ. ಆಕಾಶದ ನೀಲಿ ನೆತ್ತಿಯ ಮೇಲೆ ಗಾಢ. ದಿಗಂತದ ಬಳಿ ನೀರು ಬೆರೆಸಿದಂತೆ ತಿಳಿ. ದೂರದ ಮರಗಳು ಹಸುರನ್ನು ಕಳೆದುಕೊಂಡು ನಸುನೀಲಿಯಾಗುತ್ತವೆ. ಎರೆಮಣ್ಣು ಕಪ್ಪೆಂದು ಕಪ್ಪು ಬಣ್ಣವನ್ನೇ ಬಳಿದರೆ ನೆಲ ಸತ್ತಂತಾಗುವುದು. ಕಾವಿಗೆ ನೀಲಿಯನ್ನು ಬೆರೆಸಿದರೆ ಅದಕ್ಕೆ ಜೀವ ಬರುವುದು. ಹೊಲದ ನಡುವೆ ವಿದ್ಯುತ್ತಿನ ಕಂಬವಿದ್ದರೆ ಅದನ್ನೂ ಬರೆಯಬೇಕು, ಅದೂ ಹಳ್ಳಿಯದೇ.

ಕೊನೆಗೆ ಹತ್ತು ಚಿತ್ರಗಳನ್ನೂ ಸಾಲಾಗಿ ನಿಲ್ಲಿಸಿ ನೋಡಬೇಕು. ಕೂಡಿ ಕಲಿಯುವುದರ ಪ್ರಯೋಜನ ಇಲ್ಲಿಯೇ ಇದೆ. ನೆನಪಿನಿಂದ ಬರೆದಿದ್ದರೆ ಹತ್ತೂ ಒಂದೇ ಆಗುತ್ತಿದ್ದುವು. ಕಂಡು ಬರೆದುದರಿಂದ, ಹೊಲ ಒಂದೇ ಆದರೂ ಚಿತ್ರಗಳು ಹತ್ತು ಬಗೆ. ಒಬ್ಬನಿಗೆ ಕಣಿಕೆಯ ಬಣವೆ ಮುಖ್ಯವೆನಿಸಿದೆ, ಇನ್ನೊಬ್ಬಳಿಗೆ ಅದರ ನೆರಳು. ಗೆರೆ ಸೊಟ್ಟಗಾಗಿರಬಹುದು, ಆದರೆ ಅದು ಎರವಲಿನದಲ್ಲ.

ಫ್ರಾನ್ಸಿನ ಚಿತ್ರಕಾರ ಮಿಲೇ 1857ರಲ್ಲಿ ಪ್ರದರ್ಶಿಸಿದ ಪ್ರಸಿದ್ಧ ಚಿತ್ರದಲ್ಲಿ ಇರುವುದಾದರೂ ಏನು? ಕೊಯ್ಲಾದ ಬಯಲು, ಹಿಂದೆ ಬಣವೆಗಳು, ಮುಂದೆ ಬಾಗಿ ಹಕ್ಕಲಾಯುವ ಮೂವರು ಹೆಂಗಸರು. ಹಕ್ಕಲೆಂಬ ಮಾತನ್ನು ನಮ್ಮ ಉತ್ತರದ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ಕಲಿಸುವವರ ಕೊರತೆಯೂ ನಮಗಿರಲಿಲ್ಲ. ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು 1919ರಲ್ಲಿ ಕಲಾಮಂದಿರವನ್ನು ತೆರೆದರು, ಧಾರವಾಡದಲ್ಲಿ ಹಾಲಭಾವಿಯವರು 1935ರಲ್ಲಿ ಕಲಾಶಾಲೆಯನ್ನು ಸ್ಥಾಪಿಸಿದರು, ಗದಗಿನಲ್ಲಿಯೇ ಟಿ. ಪಿ. ಅಕ್ಕಿಯವರು ವಿಜಯ ಕಲಾಮಂದಿರವನ್ನು ಕಟ್ಟಿದರು.

ಎಲ್ಲರೂ ಚಿತ್ರಕಾರರಾಗಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆದರೆ ವಿದ್ಯಾವಂತರಾದ ನಮ್ಮಲ್ಲಿ ಎಷ್ಟೋ ಮಂದಿ ಕಂಡರಿಯದ ಡ್ಯಾಫೊಡಿಲ್ ಹೂವನ್ನು ವರ್ಣಿಸಬಲ್ಲರು. ಕುಸುಬೆಯ ಹೂವಿನ ಬಣ್ಣವೇನೆಂದರೆ ತಡವರಿಸುವರು. ತನ್ನ ಊರು ಚಿತ್ರಕ್ಕೆ ಯೋಗ್ಯವಲ್ಲವೆಂದು ಎಳೆಯ ವಯಸ್ಸಿನಲ್ಲಿಯೇ ನಂಬಿದ ಹುಡುಗನು, ಅದು ಬಾಳಿಗೂ ಯೋಗ್ಯವಲ್ಲವೆಂದು ಮುಂದೆ ನಂಬಿದರೆ ಆಶ್ಚರ್ಯವೇನು? ಆದುದರಿಂದ ಮಕ್ಕಳು ಮತ್ತೆ ಆ ಎರಡು ಗುಡ್ಡಗಳನ್ನು ಬರೆದು ತಂದಾಗ ಗದರಿಸುವುದು ಬೇಡ. ಬರುವ ಭಾನುವಾರ ಒಂದು ಹಾಳೆಯನ್ನೂ ಸೀಸದ ಕಡ್ಡಿಯನ್ನೂ ಕೊಟ್ಟು, ಊರ ಹೊರಗೆ ಕರೆದೊಯ್ದು, ಅವರ ಪಕ್ಕದಲ್ಲಿ ನಾವೂ ಒಂದು ಹಾಳೆ ಹಿಡಿದು ಕುಳಿತರೆ ಸಾಕು.