ನಿಂತ ಪುಟಕ್ಕೆ 120 ಹರ್ಟ್ಸ್ ಏಕೆ?

  

ಇಂದಿನ ಎಷ್ಟೋ ಫೋನುಗಳ ಪರದೆ ಸೆಕೆಂಡಿಗೆ 120 ಸಲ ಚಿತ್ರ ಬರೆಯುತ್ತದೆ. ಇದೇ ಅದರ ರಿಫ್ರೆಶ್ ರೇಟ್, 120 ಹರ್ಟ್ಸ್. ಬೆರಳಲ್ಲಿ ಸರಿಸುವಾಗ, ಆಟ ಆಡುವಾಗ ಅದು ಬೇಕು. ಆದರೆ ‘ಉದಯವಾಣಿ’ಯ ಒಂದು ಪುಟ ತೆರೆದು ಓದುತ್ತಾ ಕುಳಿತಾಗ ಒಂದಕ್ಷರವೂ ಕದಲುವುದಿಲ್ಲ. ಆಗಲೂ ಪರದೆ 120ರಲ್ಲೇ ಓಡಿದರೆ ನಿಮಿಷಕ್ಕೆ 7200 ಸಲ ಅದೇ ಪುಟವನ್ನು ಬರೆಯುತ್ತದೆ. 1 ಹರ್ಟ್ಸ್‌ಗೆ ಇಳಿದರೆ 60 ಸಲ ಸಾಕು.

ಹಿಂದೆ ಹೀಗೆ ಇಳಿಸಲು ಆಗುತ್ತಿರಲಿಲ್ಲ. ಪಿಕ್ಸೆಲ್‌ನ ಹಿಂದಿನ ಟ್ರಾನ್ಸಿಸ್ಟರ್‌ನಿಂದ ಚಾರ್ಜ್ ಸೋರಿ ಪರದೆ ಮಿನುಗುತ್ತಿತ್ತು. ಜಪಾನಿನ ಹಿದೆಯೊ ಹೊಸೊನೊ ಅವರ ತಂಡ 2004ರಲ್ಲಿ ಇಂಡಿಯಂ, ಗ್ಯಾಲಿಯಂ, ಸತುವಿನ ಆಕ್ಸೈಡ್‌ನಿಂದ ಟ್ರಾನ್ಸಿಸ್ಟರ್ ಮಾಡಿ ತೋರಿಸಿತು. ಅದರಲ್ಲಿ ಸೋರಿಕೆ ತೀರಾ ಕಡಿಮೆ. ಅದನ್ನು ಸಿಲಿಕಾನ್ ಜತೆ ಕೂಡಿಸಿದ ಎಲ್‌ಟಿಪಿಒ ಪರದೆ ಬಂದ ಮೇಲೆ 2019ರ ಆಪಲ್ ವಾಚ್ 1 ಹರ್ಟ್ಸ್‌ಗೆ ಇಳಿಯಿತು. 2022ರ ಐಫೋನ್ 14 ಪ್ರೊ 1ರಿಂದ 120ರವರೆಗೆ ಏರಿಳಿಯಿತು. ಪರದೆ ಮಾಡುವವರು ತಮ್ಮ ಪಾಲಿನ ಕೆಲಸ ಮಾಡಿಕೊಟ್ಟಿದ್ದಾರೆ. ಬಾಕಿ ಇರುವುದು ಸಾಫ್ಟ್‌ವೇರ್ ಬರೆಯುವ ನಮ್ಮ ಪಾಲು. ಇದನ್ನು ವರ್ಷಗಳಿಂದ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಆಂಡ್ರಾಯ್ಡ್ ಫೋನಿನ ಡೆವಲಪರ್ ಆಯ್ಕೆಗಳಲ್ಲಿ ರಿಫ್ರೆಶ್ ರೇಟ್ ತೋರಿಸುವ ಗುಂಡಿಯಿದೆ. ಒತ್ತಿದರೆ ಪರದೆಯ ಮೂಲೆಯಲ್ಲಿ ಒಂದು ಅಂಕಿ ಕಾಣುತ್ತದೆ. ಈಗ ಯಾವುದಾದರೂ ಆ್ಯಪ್ ತೆರೆದು ಕೈ ತೆಗೆಯಿರಿ. ಅಂಕಿ ಇಳಿಯಬೇಕು. ಎಷ್ಟೋ ಆ್ಯಪ್‌ಗಳಲ್ಲಿ ಇಳಿಯುವುದೇ ಇಲ್ಲ. ಹುಡುಕಿದರೆ ಮೇಲ್ಗಡೆ ಉಗುರಿನಷ್ಟು ದೊಡ್ಡ ಗಂಟೆಯ ಚಿತ್ರ ಅಲ್ಲಾಡುತ್ತಿರುತ್ತದೆ, ಇಲ್ಲವೇ ಕೆಳಗೆ ಜಾಹೀರಾತಿನ ಅಂಚು ಹೊಳೆಯುತ್ತಿರುತ್ತದೆ. ಆ ಒಂದು ಗಂಟೆಗಾಗಿ ಪರದೆ, ಗ್ರಾಫಿಕ್ಸ್ ಚಿಪ್, ಮೆಮೊರಿ ಎಲ್ಲವೂ ಎಚ್ಚರವಿರಬೇಕು.

ಇಂಥದ್ದೇ ಒಂದು ಗಂಟೆಯನ್ನು ತೆಗೆಸಲು ನಾನು ಒಂದು ಕಂಪನಿಯವರ ಬಾಗಿಲಿಗೆ ಹೋಗಿದ್ದೆ. ಬ್ಯಾಟರಿ ಖರ್ಚಿನ ಅಳತೆಯ ಹಾಳೆಯನ್ನು ಮೇಜಿನ ಮೇಲಿಟ್ಟೆ. “ಬ್ಯಾಟರಿ ಫೋನ್ ಮಾಡಿದವರ ತಲೆನೋವು ಸಾರ್, ನಮ್ಮದಲ್ಲ” ಎಂದರು. ಹಾಳೆಯನ್ನು ತಿರುಗಿಸಿಯೂ ನೋಡಲಿಲ್ಲ. ಆ ಉತ್ತರವನ್ನು ನಾನು ಇಂದಿಗೂ ಒಪ್ಪಿಲ್ಲ.

ವಿಡಿಯೊ ಆ್ಯಪ್‌ಗಳದ್ದೂ ಇದೇ ಕತೆ. ಯಕ್ಷಗಾನದ ನೇರಪ್ರಸಾರವನ್ನು ರಾತ್ರಿಯಿಡೀ ನೋಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆದಿದ್ದರೆ, ವೇಷಧಾರಿ ಎಷ್ಟೇ ರಭಸದ ಧಿಗಿಣ ಹಾಕಿದರೂ ಫೋನಿಗೆ ಬರುವುದು 30 ಚಿತ್ರ. 120ರ ಪರದೆ ಪ್ರತಿ ಚಿತ್ರವನ್ನು ನಾಲ್ಕು ಸಲ ಬರೆಯುತ್ತದೆ. ವಿಡಿಯೊದ ವೇಗ ಇಷ್ಟು ಎಂದು ಪರದೆಗೆ ತಿಳಿಸುವ ಸೌಲಭ್ಯ 2020ರ ಆಂಡ್ರಾಯ್ಡ್ 11ರಿಂದಲೇ ಇದೆ. ಒಂದು ಸಾಲಿನ ಕೋಡ್. ಅದನ್ನು ಬರೆಯಲು ಏನು ಅಡ್ಡಿ?

‘ಖರ್ಚೆಲ್ಲ ಬೆಳಕಿನದ್ದು, ರಿಫ್ರೆಶ್ ರೇಟ್ ಲೆಕ್ಕಕ್ಕಿಲ್ಲ’ ಎಂದು ನನ್ನೊಡನೆ ಹಿಂದಿನಿಂದಲೂ ವಾದಿಸುತ್ತಾ ಬಂದವರು ಈ ಸಮ್ಮೇಳನದ ಸಭೆಯಲ್ಲೂ ಇದ್ದಾರೆ. ಎಲ್‌ಸಿಡಿಯಲ್ಲಿ ಹಿಂಬದಿಯ ದೀಪದ ಖರ್ಚೇ ಹೆಚ್ಚು, ಒಪ್ಪುತ್ತೇನೆ. ಆದರೆ ಪರದೆಯ ಚಾಲಕ ಸರ್ಕ್ಯೂಟಿನ ಖರ್ಚು ವೇಗದ ಜತೆಗೇ ಏರುತ್ತದೆ, ಪರದೆ ನಿಧಾನವಾದರೆ ಅದರ ಹಿಂದಿನ ಚಿಪ್‌ಗಳೂ ನಿದ್ದೆ ಮಾಡುತ್ತವೆ. ಆ ಉಳಿತಾಯವನ್ನು ಅವರು ಒಮ್ಮೆಯೂ ಲೆಕ್ಕಕ್ಕೆ ಹಿಡಿದಿಲ್ಲ.

ಕರೆಂಟ್ ಬಿಲ್ ಕಡಿಮೆಯಾಗುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. 5000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 19 ವ್ಯಾಟ್-ಅವರ್. ದಿನಾ ಪೂರ್ತಿ ತುಂಬಿಸಿದರೂ ವರ್ಷಕ್ಕೆ 7 ಯೂನಿಟ್. ಎಲ್ಲೂರಿನ 1200 ಮೆಗಾವ್ಯಾಟ್ ವಿದ್ಯುತ್ ಸ್ಥಾವರಕ್ಕೆ ಅದು ತಿಳಿಯುವುದೂ ಇಲ್ಲ. ತಿಳಿಯುವುದು ಮಳೆಗಾಲದಲ್ಲಿ, ಕಾರ್ಕಳದ ಒಳಗಿನ ಊರಲ್ಲಿ ಮರ ಬಿದ್ದು ತಂತಿ ಹರಿದು ಎರಡು ದಿನ ಕರೆಂಟಿಲ್ಲದ ಮನೆಯವರಿಗೆ. ಅಲ್ಲಿ ಫೋನ್ ಸಂಜೆಯವರೆಗೆ ಬಂದರೆ ಆಸ್ಪತ್ರೆಗೆ ಕರೆ ಹೋಗುತ್ತದೆ, ಮಗಳ ದನಿ ಕೇಳುತ್ತದೆ. ಪದೇ ಪದೇ ಚಾರ್ಜ್ ಮಾಡುವುದು ತಪ್ಪಿದರೆ ಬ್ಯಾಟರಿಯೂ ಹೆಚ್ಚು ಕಾಲ ಬಾಳುತ್ತದೆ. ಹೊಸ ಫೋನ್ ಕೊಳ್ಳುವುದನ್ನು ಒಂದು ವರ್ಷ ಮುಂದೂಡಬಹುದು.

ಆದ್ದರಿಂದ ನನ್ನ ಕೋರಿಕೆಗಳು. ಆ್ಯಪ್ ಬಿಡುಗಡೆಗೆ ಮೊದಲು ನಿಂತ ಪುಟದಲ್ಲಿ 5 ನಿಮಿಷ ವಿದ್ಯುತ್ ಅಳೆಯಿರಿ. ಪರದೆಯ ಬೆಳಕನ್ನು ಪ್ರತಿ ಸಲವೂ ಒಂದೇ ಮಟ್ಟದಲ್ಲಿಡಿ. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ಆ್ಯಪ್ ಇದ್ದರೆ ವರದಿಯ ಜತೆ ಈ ಅಂಕಿಯನ್ನೂ ಕಡ್ಡಾಯವಾಗಿ ಕೇಳಬೇಕು. ನಮ್ಮಲ್ಲಿ ಟಿವಿಗೆ ವಿದ್ಯುತ್ ಉಳಿತಾಯದ ನಕ್ಷತ್ರದ ಗುರುತಿದೆ. ಯುರೋಪಿನಲ್ಲಿ 2025ರ ಜೂನ್‌ನಿಂದ ಫೋನಿಗೂ ಇಂಧನ ಚೀಟಿ ಬಂದಿದೆ. ಇಲ್ಲಿಯ ಫೋನುಗಳಿಗೂ ಅದು ಬರಲಿ, ಆ್ಯಪ್‌ಗಳಿಗೂ ಒಂದು ದಿನ ಬರಲಿ. ಪರದೆಯ ಚಾಲಕ ಚಿಪ್‌ಗಳ ವಿನ್ಯಾಸ ಮಣಿಪಾಲದ ಈ ಗುಡ್ಡದ ಮೇಲೆಯೇ ಆಗಬೇಕೆಂಬ ಆಸೆಯೂ ನನಗಿದೆ.

ಊಟದ ನಂತರದ ಗೋಷ್ಠಿಯಲ್ಲಿ ಯುಎಸ್‌ಬಿ ಮೀಟರ್‌ಗಳನ್ನು ಇಟ್ಟಿರುತ್ತೇವೆ. ಕಂಪನಿಯವರಾಗಲಿ, ವಿದ್ಯಾರ್ಥಿಗಳಾಗಲಿ, ಫೋನ್ ಪೂರ್ತಿ ಚಾರ್ಜ್ ಮಾಡಿಕೊಂಡು ನಿಮ್ಮ ಆ್ಯಪ್ ಸಮೇತ ಬನ್ನಿ. ಬಂದ ಅಂಕಿಯನ್ನು ಆ್ಯಪ್‌ನ ಹೆಸರಿನೊಂದಿಗೆ ಸಭಾಂಗಣದ ಬಾಗಿಲಿಗೆ ಅಂಟಿಸುತ್ತೇವೆ.